ಲಂಗರಿನ ಹವಾಲ್ದಾರ: ಸೈನ್ಯಕ್ಕೆ ಅನ್ನ ಹಾಕುವವರು

(ಅಬಿಡ್ಸ್‌ನಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸೈನ್ಯದ ಬಗ್ಗೆ ಏನಾದರೂ ಮಾತಾಡಿ ಎಂದು ಕೇಳಿದಾಗ ನಾನು ತಕ್ಷಣ ಒಪ್ಪಿದೆ. ಯುದ್ಧ, ವಿಮಾನ, ಪದಕಗಳ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಸೈನ್ಯದ ಅಡುಗೆಮನೆ ಮತ್ತು ಉಗ್ರಾಣದ ಬಗ್ಗೆ ಹೇಳುತ್ತೇನೆ. ನಮ್ಮ ತಂದೆ ಆರ್ಮಿ ಸರ್ವೀಸ್ ಕೋರ್‌ನಲ್ಲಿ, ಅಂದರೆ ಎ.ಎಸ್.ಸಿ.ಯಲ್ಲಿ ಹವಾಲ್ದಾರರಾಗಿದ್ದರು. ಕೊನೆಯ ಪೋಸ್ಟಿಂಗ್ ಸಿಕಂದರಾಬಾದಿಗೆ ಆಯಿತು, ನಾವು ಇಲ್ಲಿಯವರೇ ಆದೆವು. ಊರಿನ ಮದುವೆ ಮುಂಜಿಗಳಲ್ಲಿ ಕೆಲವು ನೆಂಟರು ಅವರನ್ನು "ಸೌಟು ಹಿಡಿದ ಸಿಪಾಯಿ" ಅಂತ ತಮಾಷೆ ಮಾಡುತ್ತಿದ್ದರು. ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು. ನನಗೆ ಮಾತ್ರ ಆ ನಗು ಸರಿಬರುತ್ತಿರಲಿಲ್ಲ.

ನಾವು ಕೂತಿರುವ ಜಾಗವನ್ನೇ ನೋಡಿ. ಪಕ್ಕದಲ್ಲಿ ಗನ್‌ಫೌಂಡ್ರಿ ಇದೆ. 18ನೇ ಶತಮಾನದ ಕೊನೆಯಲ್ಲಿ ನಿಜಾಮರ ಸೇವೆಯಲ್ಲಿದ್ದ ಫ್ರೆಂಚ್ ಜನರಲ್ ರೇಮಂಡ್ ಅಲ್ಲಿ ಫಿರಂಗಿ ಎರಕ ಹೊಯ್ಯಿಸುತ್ತಿದ್ದ. ಇನ್ನು ಅಬಿಡ್ಸ್ ಅನ್ನುವ ಹೆಸರು ಬಂದದ್ದು ಆಲ್ಬರ್ಟ್ ಅಬಿದ್ ಎಂಬಾತನಿಂದ. ಆತ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಖಾಸಾ ಸೇವಕ, ಅವರ ಉಡುಪು ತೊಡುಪುಗಳನ್ನು ನೋಡಿಕೊಳ್ಳುತ್ತಿದ್ದವನು. ಆಮೇಲೆ ಇಲ್ಲಿ ಅಂಗಡಿ ತೆರೆದ. ಒಂದು ಕಡೆ ಫಿರಂಗಿ ಮಾಡಿದವನ ಹೆಸರು ಎಷ್ಟು ಜನರಿಗೆ ಗೊತ್ತೋ ಏನೋ, ಸಾಮಾನು ಸರಂಜಾಮು ನೋಡಿಕೊಂಡವನ ಹೆಸರನ್ನು ಮಾತ್ರ ಇಡೀ ಊರು ದಿನಾ ಹೇಳುತ್ತದೆ. ಇಂಥ ಭಾಗ್ಯ ಸರಬರಾಜಿನವರಿಗೆ ಸಿಗುವುದು ಅಪರೂಪ!

ಮೊದಲು ಹುದ್ದೆಗಳ ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ಭೂಸೈನ್ಯದಲ್ಲಿ ಸಿಪಾಯಿಯ ಮೇಲೆ ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಬರುತ್ತಾರೆ. ಇವರೇ ಎನ್.ಸಿ.ಓ.ಗಳು. ಇವರ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಅದರ ಮೇಲೆ ಅಧಿಕಾರಿಗಳು. ಅಧಿಕಾರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾನೆ. ಪಲ್ಟನ್ನನ್ನು ಮನೆಯ ಹಾಗೆ ನಡೆಸಿಕೊಂಡು ಹೋಗುವವರು ಹವಾಲ್ದಾರರು.

ಪದಾತಿ ದಳದ ಒಂದು ಕಂಪನಿಯಲ್ಲಿ ಸುಮಾರು ನೂರಿಪ್ಪತ್ತು ಮಂದಿ. ಅಲ್ಲಿ ಇಬ್ಬರು ಹವಾಲ್ದಾರರದ್ದು ಮುಖ್ಯ ಪಾತ್ರ. ಒಬ್ಬ ಕಂಪನಿ ಹವಾಲ್ದಾರ್ ಮೇಜರ್, ಆತನದು ಶಿಸ್ತು. ಇನ್ನೊಬ್ಬ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ಊಟ, ಬಟ್ಟೆ, ಹಾಸಿಗೆ, ಬೂಟು, ಮದ್ದುಗುಂಡು ಎಲ್ಲ ಇವನ ಕೈಯಲ್ಲಿ. ಅಡುಗೆಮನೆಗೆ ಸೈನ್ಯದಲ್ಲಿ ಲಂಗರ್ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವ ಎನ್.ಸಿ.ಓ.ಗೆ ಜವಾನರು ಪ್ರೀತಿಯಿಂದ, ಸ್ವಲ್ಪ ಹೆದರಿಕೆಯಿಂದ ಕೂಡ, "ಲಂಗರ್ ಕಮಾಂಡರ್" ಎಂದು ಕರೆಯುತ್ತಾರೆ. ಹೆಸರಿನಲ್ಲೇ ಕಮಾಂಡರ್ ಇದ್ದಾನೆ!

ಇವರ ಹಿಂದೆ ಎ.ಎಸ್.ಸಿ. ಇದೆ. ಸಪ್ಲೈ ಡಿಪೋದಲ್ಲಿ ಅಕ್ಕಿ, ಗೋಧಿಹಿಟ್ಟು, ಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ, ಕಲ್ಲಿದ್ದಲು, ಸೀಮೆಎಣ್ಣೆ ಸಂಗ್ರಹಿಸಿ ಪಲ್ಟನ್‌ಗಳಿಗೆ ತೂಕ ಮಾಡಿ ಕೊಡುವವರು ಅವರು. ಟ್ರಕ್ಕು ಹೋಗುವಲ್ಲಿಗೆ ಟ್ರಕ್ಕು, ಹೋಗದ ಕಡೆ ಹೇಸರಗತ್ತೆ. ಎ.ಎಸ್.ಸಿ. ಸೆಂಟರ್ ಇರುವುದು ನಮ್ಮ ಬೆಂಗಳೂರಿನಲ್ಲೇ. "ಸೇವಾ ಅಸ್ಮಾಕಂ ಧರ್ಮಃ" ಎನ್ನುವುದು ಅವರ ಧ್ಯೇಯವಾಕ್ಯ, ಸೇವೆಯೇ ನಮ್ಮ ಧರ್ಮ ಎಂದು ಅರ್ಥ.

ಅಪ್ಪ ಡಿಪೋದಲ್ಲಿ ಏನು ಮಾಡುತ್ತಿದ್ದರು ಎಂದರೆ, ನೀವೆಲ್ಲ ಕಿರಾಣಿ ಅಂಗಡಿಯಲ್ಲಿ ಮಾಡುವುದನ್ನೇ ಮಾಡುತ್ತಿದ್ದರು. ಗೋಧಿಹಿಟ್ಟು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡುವುದು, ಬೇಳೆಯಲ್ಲಿ ಹುಳ ಇದೆಯೇ ಎಂದು ಅಂಗೈ ಮೇಲೆ ಹರಡುವುದು, ತರಕಾರಿ ಬುಟ್ಟಿಯ ತಳದಲ್ಲಿ ಕೈ ಹಾಕಿ ನೋಡುವುದು. ವ'ತ್ಯಾಸ ಒಂದೇ, ನಾವು ನಾಲ್ಕು ಜನರಿಗೆ ನೋಡುತ್ತೇವೆ, ಅವರು ನಾಲ್ಕು ಸಾವಿರ ಜನರಿಗೆ ನೋಡುತ್ತಿದ್ದರು. ಮಾಲು ಕೆಟ್ಟಿದ್ದರೆ ಗುತ್ತಿಗೆದಾರನಿಗೆ ವಾಪಸು ಮಾಡುವ ಗಟ್ಟಿತನವೂ ಬೇಕು. ಅಲ್ಲಿ ಸಡಿಲವಾದರೆ ಇಡೀ ಪಲ್ಟನ್ನಿಗೆ ಭೇದಿ ಹಿಡಿಯುತ್ತದೆ. ಭೇದಿ ಹಿಡಿದ ಪಲ್ಟನ್ ಗಡಿ ಕಾಯಲಾರದು.

ಈಗ ನಿಮಗೆಲ್ಲ ಗೊತ್ತಿರುವ ಒಂದು ಕಥೆ. ಇಲ್ಲೇ ಅಬಿಡ್ಸ್‌ನ ತಾಜ್ ಮಹಲ್ ಹೋಟೆಲ್‌ನಲ್ಲಿ ಇಡ್ಲಿ ದೋಸೆ ತಿನ್ನದ ಹೈದರಾಬಾದ್ ಕನ್ನಡಿಗರು ಕಡಿಮೆ. ಉಡುಪಿಯ ಅಡುಗೆಗೆ ಆ ಕೀರ್ತಿ ಎಲ್ಲಿಂದ ಬಂತು ಎಂದು ಕೇಳಿದರೆ ಹಿರಿಯರು ಕುರುಕ್ಷೇತ್ರದವರೆಗೆ ಹೋಗುತ್ತಾರೆ. ಉಡುಪಿಯ ರಾಜ ಯಾರ ಪಕ್ಷವನ್ನೂ ವಹಿಸದೆ ಎರಡೂ ಸೈನ್ಯಗಳಿಗೆ ಊಟ ಹಾಕುವುದಾಗಿ ಕೃಷ್ಣನಿಗೆ ಹೇಳಿದನಂತೆ. ದಿನಾ ಸಾವಿರಾರು ಜನ ಸಾಯುತ್ತಿದ್ದಾರೆ, ಆದರೂ ಒಂದು ದಿನವೂ ಅನ್ನ ಕಡಿಮೆ ಬೀಳಲಿಲ್ಲ, ಒಂದು ದಿನವೂ ಉಳಿಯಲಿಲ್ಲ. ಯುದ್ಧ ಮುಗಿದ ಮೇಲೆ ಧರ್ಮರಾಯ ಗುಟ್ಟು ಕೇಳಿದ. ರಾತ್ರಿ ಕೃಷ್ಣನ ಮುಂದೆ ಶೇಂಗಾ ಇಡುತ್ತೇನೆ, ಅವನು ಎಷ್ಟು ಕಾಳು ತಿಂದ ಎಂದು ಎಣಿಸುತ್ತೇನೆ, ಮರುದಿನ ಅಷ್ಟು ಸಾವಿರ ಜನಕ್ಕೆ ಅಡುಗೆ ಕಡಿಮೆ ಮಾಡಿಸುತ್ತೇನೆ ಎಂದನಂತೆ ರಾಜ. ಇದು ಮೂಲ ಭಾರತದಲ್ಲಿಲ್ಲ, ಜನರ ಬಾಯಲ್ಲಿ ಬೆಳೆದ ಕಥೆ. ಶೇಂಗಾ ನಮ್ಮ ದೇಶಕ್ಕೆ ಬಂದದ್ದೇ ತೀರ ಈಚೆಗೆ ಎಂದು ಯಾರೂ ತಕರಾರು ತೆಗೆಯಬೇಡಿ.

ಆದರೆ ಆ ಕಥೆ ಕಟ್ಟಿದವರಿಗೆ ಉಗ್ರಾಣದ ಮರ್ಮ ಗೊತ್ತಿತ್ತು. ಸೈನ್ಯದಲ್ಲಿ ಅದಕ್ಕೆ "ರೇಶನ್ ಸ್ಟ್ರೆಂತ್" ಎನ್ನುತ್ತಾರೆ. ಇವತ್ತು ಊಟಕ್ಕೆ ಎಷ್ಟು ಜನ? ರಜೆಗೆ ಎಷ್ಟು ಮಂದಿ ಹೋದರು, ಆಸ್ಪತ್ರೆಯಲ್ಲಿ ಎಷ್ಟು, ಗಸ್ತಿಗೆ ಎಷ್ಟು? ಈ ಲೆಕ್ಕ ದಿನವೂ ಬದಲಾಗುತ್ತದೆ, ದಿನವೂ ಬರೆಯಬೇಕು, ಅದರ ಮೇಲೆಯೇ ಇಂಡೆಂಟ್ ಹೋಗುತ್ತದೆ.

1971ರ ಯುದ್ಧದಲ್ಲಿ ಅಪ್ಪ ಪಶ್ಚಿಮ ಗಡಿಯ ಕಡೆ ಇದ್ದರು. ರೇಶನ್ ಕೊಡುವ ಜಾಗಕ್ಕೆ ದಿನಾ ಸಂಜೆ ಒಂದು ಕಂಪನಿಯ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್ ಬರುತ್ತಿದ್ದನಂತೆ. ಬಹಳ ಮಾತುಗಾರ, ಒಂದು ಹಿಡಿ ಸಕ್ಕರೆಗೂ ಚೌಕಾಸಿ ಮಾಡುವವನು. ಒಂದು ಸಂಜೆ ಬಂದವನು ಚೀಟಿ ಮುಂದಿಟ್ಟ. ಹಿಂದಿನ ದಿನದ ಸಂಖ್ಯೆಗಿಂತ ಹನ್ನೊಂದು ಕಡಿಮೆ. "ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ತೂಕ ಮಾಡಿ ಕೊಟ್ಟೆ, ಅವನು ಸಹಿ ಹಾಕಿ ಹೋದ" ಎಂದು ಅಪ್ಪ ಹೇಳುತ್ತಿದ್ದರು. ಆ ಯುದ್ಧದ ಬಗ್ಗೆ ಅವರು ನಮಗೆ ಹೇಳಿದ್ದು ಇಷ್ಟೇ. ಸತ್ತವರ ಸುದ್ದಿ ಮನೆಗೆ ತಾರಿನಲ್ಲಿ ಬರುವ ಮೊದಲೇ, ಅನ್ನದ ಲೆಕ್ಕದಲ್ಲಿ ಬಂದಿರುತ್ತಿತ್ತು. ಅದನ್ನು ಮೊದಲು ಬರೆಯುವ ಕೈ ಈ ಹವಾಲ್ದಾರನದು.

ಇನ್ನು ಅನ್ನ ಇಲ್ಲದಿದ್ದರೆ ಎಂಥ ದೊಡ್ಡ ಸೈನ್ಯಕ್ಕೂ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. 1791ರ ಮೇ ತಿಂಗಳು. ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆ ಗೆದ್ದು ಶ್ರೀರಂಗಪಟ್ಟಣದ ಕಡೆ ನಡೆದ. ಜೊತೆಗೆ ನಮ್ಮ ಹೈದರಾಬಾದಿನ ನಿಜಾಮರ ಕುದುರೆ ಪಡೆಯೂ ಇತ್ತು. ಅರಕೆರೆಯ ಹತ್ತಿರ ಕದನದಲ್ಲಿ ಗೆದ್ದ ಕೂಡ. ಆದರೆ ದಾರಿಯ ಊರುಗಳಲ್ಲಿ ಕಾಳೂ ಇಲ್ಲ, ಮೇವೂ ಇಲ್ಲ, ಟಿಪ್ಪುವಿನ ಕಡೆಯವರು ಎಲ್ಲ ಖಾಲಿ ಮಾಡಿದ್ದರು. ಮಳೆ ಹಿಡಿಯಿತು, ಕಾವೇರಿ ತುಂಬಿತು, ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಕಣ್ಣೆದುರಿಗೇ ಇದ್ದರೂ, ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಹಿಂದಿರುಗಬೇಕಾಯಿತು. ದಾರಿಯಲ್ಲಿ ಮರಾಠರ ಸೈನ್ಯ ಸಿಕ್ಕಿ, ಅವರ ಬಜಾರಿನಲ್ಲಿ ದುಬಾರಿ ಬೆಲೆ ಕೊಟ್ಟು ಧಾನ್ಯ ಕೊಂಡ ಮೇಲೆ ಹೊಟ್ಟೆಗೆ ಏನೋ ಸಿಕ್ಕಿತು.

ಮರುವರ್ಷ ಫೆಬ್ರವರಿಯಲ್ಲಿ ಆತ ಮತ್ತೆ ಬಂದ. ಈ ಸಲ ಬಂಜಾರರನ್ನು ಒಪ್ಪಿಸಿಕೊಂಡು ಬಂದಿದ್ದ. ನಮ್ಮ ಲಂಬಾಣಿ ತಾಂಡಾಗಳ ಹಿರಿಯರು ಇವರೇ, ನಮ್ಮ ಬಂಜಾರಾ ಹಿಲ್ಸ್‌ಗೆ ಹೆಸರು ಕೊಟ್ಟವರೂ ಇವರೇ. ಸಾವಿರಾರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು, ಹೆಂಗಸರು ಮಕ್ಕಳ ಸಮೇತ ಸೈನ್ಯದ ಹಿಂದೆ ನಡೆಯುವವರು. ಈ ಸಲ ಟಿಪ್ಪು ಒಪ್ಪಂದಕ್ಕೆ ಬರಬೇಕಾಯಿತು. ಚರಿತ್ರೆಯ ಪುಸ್ತಕದಲ್ಲಿ ಕಾರ್ನ್‌ವಾಲಿಸ್‌ನ ಹೆಸರಿದೆ, ಎತ್ತು ಹೊಡೆದ ಬಂಜಾರ ತಾಯಂದಿರ ಹೆಸರಿಲ್ಲ.

ಮೈಸೂರಿನವರು ಇದನ್ನು ಮೊದಲೇ ತಿಳಿದಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗೆಂದು "ಬೆಣ್ಣೆ ಚಾವಡಿ" ಎಂಬ ಇಲಾಖೆ ಇತ್ತು. ಅದೇ ದನಗಳ ಹೋರಿಗಳನ್ನು ಹೈದರಾಲಿ ಸೈನ್ಯದ ಸಾಗಾಟಕ್ಕೆ ಬಳಸಿದ, ಟಿಪ್ಪು ಅದಕ್ಕೆ "ಅಮೃತ ಮಹಲ್" ಎಂದು ಹೆಸರಿಟ್ಟ. ಇವತ್ತಿಗೂ ಅಮೃತ ಮಹಲ್ ತಳಿ ಎಂದರೆ ರೈತರಿಗೆ ಹೆಮ್ಮೆ. ಬೆಣ್ಣೆಯ ಮನೆಯಿಂದ ಯುದ್ಧದ ರಸ್ತೆಗೆ ಬಂದ ಎತ್ತು ಅದು.

ಒಂದು ಶತಮಾನ ಮುಂದೆ ಬನ್ನಿ. ಮೊದಲನೆಯ ಮಹಾಯುದ್ಧ. ಈಗಿನ ಇರಾಕಿನಲ್ಲಿ ಕೂಟ್ ಎಂಬ ಊರು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು ಅಲ್ಲಿ ಮುತ್ತಿಗೆಗೆ ಸಿಕ್ಕಿದ್ದರು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಪದಾತಿ ದಳದ ಹಿಂದಿನ ಪಲ್ಟನ್‌ಗಳೂ ಅಲ್ಲಿದ್ದವು. ದಾಸ್ತಾನು ಮುಗಿಯುತ್ತಾ ಬಂದಾಗ ಕುದುರೆ, ಹೇಸರಗತ್ತೆಗಳನ್ನು ಕಡಿದು ಹಂಚಿದರು. ನಮ್ಮ ಸಿಪಾಯಿಗಳಲ್ಲಿ ಹೆಚ್ಚಿನವರು ಬಹಳ ದಿನ ಅದನ್ನು ಮುಟ್ಟಲಿಲ್ಲ. ತರಕಾರಿ ಇಲ್ಲದೆ ಅವರಿಗೆ ಸ್ಕರ್ವಿ ಬಂತು, ಒಸಡಿನಲ್ಲಿ ರಕ್ತ. ಬಿಳಿ ಹಿಟ್ಟಿನ ಬ್ರೆಡ್ ತಿನ್ನುತ್ತಿದ್ದ ಬ್ರಿಟಿಷ್ ಸೈನಿಕರಿಗೆ ಬೇರೆಯದೇ ಕಾಯಿಲೆ, ಬೆರಿಬೆರಿ. ತೌಡು ಸಮೇತದ ಆಟಾ ಮತ್ತು ಬೇಳೆ ತಿನ್ನುವ ನಮ್ಮವರಿಗೆ ಬೆರಿಬೆರಿ ಬರಲಿಲ್ಲ. ಒಂದೇ ಊರು, ಒಂದೇ ಮುತ್ತಿಗೆ. ತಟ್ಟೆಯಲ್ಲಿ ಏನಿತ್ತು ಎನ್ನುವುದರ ಮೇಲೆ ಯಾರಿಗೆ ಯಾವ ರೋಗ ಎಂದು ತೀರ್ಮಾನವಾಯಿತು. ಮಕ್ಕಳಿಗೆ ಸೊಪ್ಪು ತಿನ್ನು ಎಂದು ನಾವು ಗದರುವುದು ಸುಮ್ಮನೆ ಅಲ್ಲ.

ಇನ್ನೊಂದು ಸಂಗತಿ. ಕಂಪನಿ ಸರ್ಕಾರದ ಕಾಲದ ಬಂಗಾಳ ಸೈನ್ಯದಲ್ಲಿ ಮೇಲ್ಜಾತಿಯ ಸಿಪಾಯಿಗಳು ತಮ್ಮ ತಮ್ಮ ಒಲೆ ಹೂಡಿ, ತಮ್ಮ ಪಾತ್ರೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಒಬ್ಬರ ನೆರಳು ಇನ್ನೊಬ್ಬರ ಅನ್ನದ ಮೇಲೆ ಬೀಳಬಾರದು. ಇವತ್ತು ಒಂದೇ ಲಂಗರ್, ಒಂದೇ ದೊಡ್ಡ ಪಾತ್ರೆ, ಒಂದೇ ಸಾಲು. ಬಡಾ ಖಾನಾ ದಿನ ಅಧಿಕಾರಿಗಳೂ ಜವಾನರೂ ಜೊತೆಗೆ ಕೂತು ಉಣ್ಣುತ್ತಾರೆ. ಕೇರಳದವನಿಗೆ ಅನ್ನ ಬೇಕು, ಹರಿಯಾಣದವನಿಗೆ ರೊಟ್ಟಿ ಬೇಕು, ನಮ್ಮ ಧಾರವಾಡದ ಹುಡುಗನಿಗೆ ಚಟ್ನಿಪುಡಿ ಇಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ. ಎಲ್ಲರನ್ನೂ ಒಂದೇ ಸೌಟಿನಲ್ಲಿ ಸಮಾಧಾನ ಮಾಡಬೇಕಾದವನು ಲಂಗರ್ ಕಮಾಂಡರ್. ಕೂಡುಕುಟುಂಬ ನಡೆಸಿದ ಅತ್ತೆಯಂದಿರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಲಡಾಖ್‌ನ ವಿಷಯಕ್ಕೆ ಬರುತ್ತೇನೆ. ಚಳಿಗಾಲದಲ್ಲಿ ಕಣಿವೆಯ ದಾರಿಗಳು ಹಿಮದಿಂದ ಮುಚ್ಚುತ್ತವೆ. ಆದ್ದರಿಂದ ಬೇಸಿಗೆಯಲ್ಲೇ ಆರು ತಿಂಗಳ ಆಹಾರ, ಇಂಧನ, ಬಟ್ಟೆ ಎಲ್ಲ ಮೇಲಕ್ಕೆ ಸಾಗಿಸಿ ಇಡಬೇಕು. ಇದಕ್ಕೆ ಚಳಿಗಾಲದ ಮುಂಗಡ ದಾಸ್ತಾನು ಎಂದು ಹೆಸರು. ನಮ್ಮ ಅಜ್ಜಿಯರು ಮಳೆಗಾಲಕ್ಕೆ ಮೊದಲು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಬೆರಣಿ, ಕಾಳುಕಡ್ಡಿ ಎಲ್ಲ ಮಾಡಿ ಒಟ್ಟುತ್ತಿದ್ದರಲ್ಲ, ಅದೇ ವಿದ್ಯೆ. 2020ರ ಚಳಿಗಾಲದಲ್ಲಿ ಪೂರ್ವ ಲಡಾಖ್‌ನಲ್ಲಿ ಹೆಚ್ಚುವರಿ ಸೈನ್ಯ ನಿಲ್ಲಬೇಕಾಗಿ ಬಂದಾಗ ಈ ವಿದ್ಯೆಗೆ ದೊಡ್ಡ ಪರೀಕ್ಷೆಯೇ ನಡೆಯಿತು.

ಸಿಯಾಚಿನ್‌ನಲ್ಲಿ ಅದಕ್ಕಿಂತ ಕಷ್ಟ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಾವ್ಯಾರೂ ಮರೆತಿಲ್ಲ. 2016ರ ಫೆಬ್ರವರಿಯಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು, 11ನೇ ತಾರೀಕು ತೀರಿಕೊಂಡರು. ಅವರಿದ್ದ ಠಾಣೆ ಇದ್ದದ್ದು 19,600 ಅಡಿ ಎತ್ತರದಲ್ಲಿ. ಆ ಎತ್ತರದಲ್ಲಿ ಹಸಿವೇ ಆಗುವುದಿಲ್ಲ, ರುಚಿ ಹತ್ತುವುದಿಲ್ಲ, ಅನ್ನ ಬೇಯುವುದಿಲ್ಲ, ಹಿಮ ಕರಗಿಸಿದರೆ ಮಾತ್ರ ನೀರು. ಸೀಮೆಎಣ್ಣೆ ಸ್ಟೌ ಅಲ್ಲಿ ಪ್ರಾಣ. ತಿನ್ನಲು ಮನಸ್ಸಿಲ್ಲದವನಿಗೆ ಒತ್ತಾಯ ಮಾಡಿ ಎರಡು ತುತ್ತು ತಿನ್ನಿಸುವುದು ಅಲ್ಲಿಯ ಹವಾಲ್ದಾರನ ಕರ್ತವ್ಯ. ಜ್ವರ ಬಂದ ಮಗುವಿನ ಹತ್ತಿರ ಗಂಜಿ ಬಟ್ಟಲು ಹಿಡಿದು ಕೂತ ತಾಯಿಯ ಕೆಲಸ.

ಇದಕ್ಕೆ ಮೈಸೂರು ಮಾಡಿದ ಸಹಾಯ ದೊಡ್ಡದು. 1961ರಲ್ಲಿ ಅಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. ಪೊಟ್ಟಣ ಬಿಸಿ ಮಾಡಿದರೆ ಊಟ ಸಿದ್ಧ, ತಿಂಗಳುಗಟ್ಟಲೆ ಕೆಡುವುದಿಲ್ಲ, ಇಂಥ ಪುಲಾವ್, ಹಲ್ವಾ, ಪಲ್ಯಗಳನ್ನು ಅಲ್ಲಿ ರೂಪಿಸಿದರು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಜೊತೆಗೆ ಹೋದ ಸಜ್ಜಿಗೆ ಹಲ್ವಾ ಮೈಸೂರಿನದೇ. ನಾವು ಅಂಗಡಿಯಲ್ಲಿ ಕೊಳ್ಳುವ ರೆಡಿ ಟು ಈಟ್ ಪೊಟ್ಟಣದ ಹಿಂದೆ ಸೈನಿಕನ ಹಸಿವಿದೆ.

ಈಗ ನಮ್ಮ ವೇದಿಕೆಗೆ ಸಂಬಂಧಪಟ್ಟ ಮುಖ್ಯ ಮಾತು. ಮನೆಯಲ್ಲಿ ಅಡುಗೆ, ಉಗ್ರಾಣ, ಹಂಚಿಕೆ ಹೆಣ್ಣಿನ ಕೆಲಸ ಎಂದರು, ಅದಕ್ಕೆ ಸಂಬಳವಿಲ್ಲ, ಹುದ್ದೆಯಿಲ್ಲ. ಅದೇ ಕೆಲಸ ಸೈನ್ಯಕ್ಕೆ ಹೋದ ಕೂಡಲೇ ಗಂಡಸಿನದಾಯಿತು, ತೋಳಿನ ಮೇಲೆ ಮೂರು ಪಟ್ಟಿ ಬಂತು. 1992ರಲ್ಲಿ ಮೊದಲ ಬಾರಿಗೆ ವೈದ್ಯಕೀಯೇತರ ವಿಭಾಗಗಳಲ್ಲಿ ಮಹಿಳೆಯರನ್ನು ಅಧಿಕಾರಿಗಳಾಗಿ ತೆಗೆದುಕೊಂಡಾಗ, ತೆರೆದ ಕೆಲವೇ ಬಾಗಿಲುಗಳಲ್ಲಿ ಒಂದು ಎ.ಎಸ್.ಸಿ.ಯದು. ಅದರಲ್ಲೂ ಆಹಾರ ವಿಜ್ಞಾನಿಗಳು ಮತ್ತು ಕೇಟರಿಂಗ್ ಅಧಿಕಾರಿಗಳ ಹುದ್ದೆ. ಅಡುಗೆಮನೆ ಬಾಗಿಲಿನಿಂದಲೇ ಒಳಗೆ ಬಿಟ್ಟರು ಎಂದು ಬೇಕಾದರೆ ನಗಬಹುದು. ಆದರೆ ಒಳಗೆ ಹೋದವರು ಗಟ್ಟಿಯಾಗಿ ನಿಂತರು. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಇಂಥ ಮಹಿಳಾ ಅಧಿಕಾರಿಗಳಿಗೆ ಕಾಯಂ ಕಮಿಷನ್ನಿನ ಹಕ್ಕನ್ನು ಎತ್ತಿಹಿಡಿಯಿತು. 2021ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 83 ಹೆಣ್ಣುಮಕ್ಕಳು ಮಿಲಿಟರಿ ಪೊಲೀಸ್ ಸಿಪಾಯಿಗಳಾಗಿ ತರಬೇತಿ ಮುಗಿಸಿ ಹೊರಬಂದರು. ಅವರಲ್ಲಿ ಯಾರಾದರೂ ಮುಂದೆ ಹವಾಲ್ದಾರ್ ಆಗಿ ಉಗ್ರಾಣದ ಬೀಗದ ಕೈ ಹಿಡಿದರೆ ನಮ್ಮ ಅಪ್ಪನಿಗಿಂತ ಹೆಚ್ಚು ಸಂತೋಷಪಡುತ್ತಿದ್ದವಳು ನಮ್ಮ ಅಮ್ಮ.

ಅಮ್ಮನ ವಿಷಯ ಹೇಳದಿದ್ದರೆ ನನ್ನ ಮಾತು ಪೂರ್ತಿಯಾಗದು. ಅಪ್ಪ ಗಡಿಯಲ್ಲಿದ್ದಾಗ ಮನಿಆರ್ಡರ್‌ನಲ್ಲಿ ಬಂದ ಹಣದಲ್ಲಿ ಅವಳು ಅತ್ತೆ, ಮಾವ, ನಾವು ಮೂವರು ಮಕ್ಕಳನ್ನು ಸಾಕುತ್ತಿದ್ದಳು. ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಮೂರು ಗೆರೆ ಎಳೆದು ಬಂದದ್ದು, ಹೋದದ್ದು, ಉಳಿದದ್ದು ಎಂದು ಬರೆಯುತ್ತಿದ್ದಳು. ಅಪ್ಪ ರಜೆಗೆ ಬಂದಾಗ ಅದನ್ನು ನೋಡಿ, "ನಮ್ಮ ಡಿಪೋ ಲೆಡ್ಜರ್‌ಗಿಂತ ಇದು ಚೊಕ್ಕ" ಎನ್ನುತ್ತಿದ್ದರು. ನೆಂಟರ ತಮಾಷೆಗೆ ಅಪ್ಪ ಯಾಕೆ ಸುಮ್ಮನಾಗುತ್ತಿದ್ದರು ಎಂದು ನನಗೆ ಈಗ ಅರ್ಥವಾಗುತ್ತದೆ. ತನ್ನ ಕೆಲಸದ ತೂಕ ಗೊತ್ತಿದ್ದವರಿಗೆ ಬೇರೆಯವರ ತಕ್ಕಡಿ ಬೇಕಾಗುವುದಿಲ್ಲ.

ಕೊನೆಯಲ್ಲಿ ಎರಡು ವಿನಂತಿ. ಒಂದು, ಹೋಟೆಲ್ ಮ್ಯಾನೇಜ್‌ಮೆಂಟ್ ಅಥವಾ ಆಹಾರ ವಿಜ್ಞಾನ ಓದುವ ಹೆಣ್ಣುಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಸೈನ್ಯದಲ್ಲೂ ಅವರಿಗೆ ಜಾಗವಿದೆ ಎಂದು ಹೇಳಿ. ಎರಡು, ತಿರುಮಲಗಿರಿ, ಬೊಲಾರಂ, ಮೆಹದಿಪಟ್ಟಣದ ಕಡೆ ನಿವೃತ್ತ ಹವಾಲ್ದಾರರ, ಸುಬೇದಾರರ ಕನ್ನಡ ಮನೆಗಳಿವೆ. ಅಲ್ಲಿಯ ಅಜ್ಜ ಅಜ್ಜಿಯರ ಹತ್ತಿರ ಹೋಗಿ ಕೂತು, ಪದಕ ಎಲ್ಲಿ ಎಂದು ಕೇಳುವ ಮೊದಲು, ಅಲ್ಲಿ ಊಟ ಹೇಗಿತ್ತು, ಯಾರು ಮಾಡುತ್ತಿದ್ದರು, ಇಲ್ಲಿ ನೀವು ಮನೆ ಹೇಗೆ ನಡೆಸಿದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಮುಂದಿನ ಸಂಚಿಕೆಗೆ ಅಂಥ ನಾಲ್ಕು ಬರಹ ಬಂದರೆ ನಾನು ಇಷ್ಟು ಹೊತ್ತು ಮಾತಾಡಿದ್ದು ಸಾರ್ಥಕ.

ಊಟದ ಹೊತ್ತು ಮೀರುತ್ತಿದೆ, ಬಡಿಸುವವರು ಕಾಯುತ್ತಿದ್ದಾರೆ. ಅವರಿಗೆ ಮೊದಲು ಒಂದು ಚಪ್ಪಾಳೆ ತಟ್ಟೋಣ.